ಸ್ಟೀಮ್ ಅಂಗಡಿಯಲ್ಲಿ ನಾವು ಕೊಳ್ಳುವುದೇನು

ಕಂಪ್ಯೂಟರಿನಲ್ಲಿ ವಿಡಿಯೊ ಗೇಮ್ ಆಡುವವರಿಗೆ ಸ್ಟೀಮ್ ಅನ್ನು ಪರಿಚಯಿಸುವ ಅಗತ್ಯವಿಲ್ಲ. ಆಡದವರಿಗೆ ಇಷ್ಟು ಹೇಳಿದರೆ ಸಾಕು: ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ನಗರದಲ್ಲಿರುವ ವಾಲ್ವ್ ಎಂಬ ಕಂಪನಿ ನಡೆಸುವ ಈ ಅಂತರ್ಜಾಲ ಅಂಗಡಿಯಲ್ಲಿ 2025ರ ಮಾರ್ಚ್ ತಿಂಗಳಲ್ಲಿ ಒಂದೇ ಹೊತ್ತಿಗೆ 4 ಕೋಟಿಗೂ ಹೆಚ್ಚು ಮಂದಿ ಲಾಗಿನ್ ಆಗಿದ್ದರು. ಹಲವು ವರ್ಷಗಳಿಂದ ಇದರ ಗ್ರಾಹಕನಾಗಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯೆಂದು ನೋಡಿದರೆ ಇದಕ್ಕೆ ಸರಿಸಾಟಿಯಾದದ್ದು ಇಂದು ಇನ್ನೊಂದಿಲ್ಲ. ಆದರೆ ಇಲ್ಲಿ ಸಿಗುವ ಸೌಕರ್ಯಗಳಲ್ಲಿ ಬಹುಪಾಲು ಮಾಲೀಕರ ಮರ್ಜಿಯಿಂದ ಬಂದವು, ಗ್ರಾಹಕನಿಗೆ ಅವುಗಳ ಮೇಲೆ ಹಕ್ಕು ಎಂಬುದು ಬಹಳ ಕಡಿಮೆ. ಹಣ ಕೊಡುವ ಮುನ್ನ ಈ ಎರಡನೆಯ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು.

2003ರ ಸೆಪ್ಟೆಂಬರ್ 12ರಂದು ಸ್ಟೀಮ್ ಆರಂಭವಾದಾಗ ಅದು ಅಂಗಡಿಯೇ ಆಗಿರಲಿಲ್ಲ. ಕೌಂಟರ್-ಸ್ಟ್ರೈಕ್ ಮುಂತಾದ ತನ್ನದೇ ಆಟಗಳಿಗೆ ಅಪ್‌ಡೇಟ್ ತಲುಪಿಸಲು ವಾಲ್ವ್ ಮಾಡಿಕೊಂಡ ವ್ಯವಸ್ಥೆಯಾಗಿತ್ತು. ಮರುವರ್ಷ ಹಾಫ್-ಲೈಫ್ 2 ಬಿಡುಗಡೆಯಾದಾಗ, ಅಂಗಡಿಯಿಂದ ಡಿಸ್ಕ್ ಕೊಂಡು ತಂದವರೂ ಸ್ಟೀಮ್ ಖಾತೆ ತೆರೆಯದೆ ಆಡುವಂತಿಲ್ಲ ಎಂಬ ನಿಯಮ ಬಂತು, ಮತ್ತು ಆಟಗಾರರು ಅದನ್ನು ಸಾಕಷ್ಟು ಶಪಿಸಿದರು. ಆ ಶಾಪವನ್ನು ಇಂದು ನೆನೆಯುವವರು ಕಡಿಮೆ. ಅಂದು ಅವರಿಗೆ ಇಷ್ಟವಾಗದಿದ್ದ ವ್ಯವಸ್ಥೆ ಹಾಗೆಯೇ ಉಳಿದಿದೆ, ನಾವೇ ಅದಕ್ಕೆ ಒಗ್ಗಿಕೊಂಡಿದ್ದೇವೆ.

ಮೊದಲು ಗುಣಗಳ ಮಾತು. ನನ್ನ ಮಟ್ಟಿಗೆ ಸ್ಟೀಮಿನ ಅತ್ಯುತ್ತಮ ಸೇವೆ ಹಣ ವಾಪಸಾತಿ. ಖರೀದಿಸಿ 14 ದಿನಗಳ ಒಳಗೆ, ಆಡಿದ ಅವಧಿ 2 ಗಂಟೆ ಮೀರದಿದ್ದರೆ, ಕಾರಣವನ್ನು ವಿವರಿಸಿ ಬೇಡಿಕೊಳ್ಳಬೇಕಾಗಿಲ್ಲ. ಅರ್ಜಿ ಹಾಕಿದರೆ ಹಣ ಮರಳುತ್ತದೆ. ಈ ನೀತಿ ಬಂದದ್ದು 2015ರ ಜೂನ್‌ನಲ್ಲಿ. ಅದಕ್ಕೂ ಹಿಂದಿನ ವರ್ಷ ಆಸ್ಟ್ರೇಲಿಯಾದ ಗ್ರಾಹಕ ಆಯೋಗವು ವಾಲ್ವ್ ಮೇಲೆ ಮೊಕದ್ದಮೆ ಹೂಡಿತ್ತು, ಮತ್ತು 2016ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯವು ಕಂಪನಿಗೆ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಆ ನೀತಿಗೆ ಆ ಮೊಕದ್ದಮೆಯೊಂದೇ ಕಾರಣವೆಂದು ಹೇಳಲಾರೆ, ಆದರೆ ಕಾನೂನು ಎಚ್ಚರವಾಗಿರುವಲ್ಲಿ ಅಂಗಡಿಗಳು ಎಷ್ಟು ಬೇಗ ಉದಾರಿಗಳಾಗುತ್ತವೆ ಎಂಬುದನ್ನು ಗಮನಿಸದಿರುವುದೂ ಕಷ್ಟ. ಈ 2 ಗಂಟೆಯ ಗೆರೆಗೆ ಇನ್ನೊಂದು ಮಗ್ಗುಲೂ ಇದೆ: ಒಂದೂವರೆ ಗಂಟೆಯಲ್ಲಿ ಮುಗಿಯುವ ಸಣ್ಣ, ಸುಂದರ ಆಟವನ್ನು ಪೂರ್ತಿ ಆಡಿ ಮುಗಿಸಿ ಹಣ ಹಿಂಪಡೆಯುವವರಿದ್ದಾರೆ, ಮತ್ತು ಅದರ ನಷ್ಟ ಬೀಳುವುದು ಒಬ್ಬಿಬ್ಬರೇ ಸೇರಿ ಆಟ ಕಟ್ಟುವ ಬಡಪಾಯಿಗಳ ಮೇಲೆ.

ಗ್ರಾಹಕರ ವಿಮರ್ಶೆಗಳ ವ್ಯವಸ್ಥೆಯೂ ಒಳ್ಳೆಯದೇ. ವಿಮರ್ಶೆ ಬರೆದವರು ಆ ಆಟವನ್ನು ಎಷ್ಟು ಗಂಟೆ ಆಡಿದ್ದಾರೆ ಎಂಬುದು ಪಕ್ಕದಲ್ಲೇ ಕಾಣುವುದರಿಂದ, ಹತ್ತು ನಿಮಿಷ ಆಡಿ ತೀರ್ಪು ಕೊಟ್ಟವರನ್ನು ಬದಿಗಿಡುವುದು ಸುಲಭ. ಈ ವಿಮರ್ಶೆಗಳು ಒಮ್ಮೊಮ್ಮೆ ಪ್ರತಿಭಟನೆಯ ವೇದಿಕೆಯೂ ಆಗುತ್ತವೆ. 2024ರ ಮೇ ತಿಂಗಳಲ್ಲಿ ಹೆಲ್‌ಡೈವರ್ಸ್ 2 ಆಡುವವರು ಸೋನಿಯ ಪ್ಲೇಸ್ಟೇಷನ್ ಖಾತೆಯನ್ನು ಕಡ್ಡಾಯವಾಗಿ ಜೋಡಿಸಬೇಕೆಂಬ ನಿಯಮ ಪ್ರಕಟವಾದಾಗ ಲಕ್ಷಗಟ್ಟಲೆ ಪ್ರತಿಕೂಲ ವಿಮರ್ಶೆಗಳು ಕೆಲವೇ ದಿನಗಳಲ್ಲಿ ಬಂದು ಬಿದ್ದವು, ಸೋನಿ ಹಿಂದೆ ಸರಿಯಿತು. ಇಂಥ ಬಲ ಗ್ರಾಹಕರಿಗೆ ಬೇರೆ ಯಾವ ಗೇಮ್ ಅಂಗಡಿಯಲ್ಲೂ ಸಿಕ್ಕಿಲ್ಲ. 2018ರ ಡಿಸೆಂಬರಿನಲ್ಲಿ ಸ್ಪರ್ಧಿಯಾಗಿ ಬಂದ ಎಪಿಕ್ ಗೇಮ್ಸ್ ಅಂಗಡಿಯು ವಾರವಾರವೂ ಆಟಗಳನ್ನು ಉಚಿತವಾಗಿ ಕೊಡುತ್ತದೆ, ನಾನೂ ತಪ್ಪದೆ ತೆಗೆದುಕೊಳ್ಳುತ್ತೇನೆ. ಆದರೆ ಒಂದಕ್ಕಿಂತ ಹೆಚ್ಚು ಆಟಗಳನ್ನು ಒಟ್ಟಿಗೆ ಕೊಳ್ಳಲು ಬೇಕಾದ ಶಾಪಿಂಗ್ ಕಾರ್ಟ್ ಎಂಬ ಮೂಲಭೂತ ಅನುಕೂಲ ಅಲ್ಲಿಗೆ ಬರಲು 3 ವರ್ಷ ಹಿಡಿಯಿತು.

ವಿಂಡೋಸ್‌ಗೆ ಬದಲಾಗಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಬಳಸುವವರಿಗೆ ವಾಲ್ವ್ ಮಾಡಿರುವ ಉಪಕಾರವನ್ನು ಪ್ರತ್ಯೇಕವಾಗಿ ಹೇಳಬೇಕು. 2018ರ ಆಗಸ್ಟ್‌ನಲ್ಲಿ ಬಂದ ಪ್ರೋಟಾನ್ ಎಂಬ ತಂತ್ರಾಂಶದಿಂದಾಗಿ ವಿಂಡೋಸ್‌ಗೆಂದು ಬರೆದ ಸಾವಿರಾರು ಆಟಗಳು ಲಿನಕ್ಸ್‌ನಲ್ಲಿ ಯಾವ ತಾಪತ್ರಯವೂ ಇಲ್ಲದೆ ನಡೆಯುತ್ತವೆ, ಮತ್ತು ಅದರ ಮೂಲ ಸಂಕೇತ ಎಲ್ಲರಿಗೂ ಮುಕ್ತವಾಗಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿದ ಮೇಲೆ, ವಿಂಡೋಸ್ 11 ಒಪ್ಪದ ಹಳೆಯ ಯಂತ್ರಗಳಿರುವ ಮನೆಗಳಿಗೆ ಇದು ನಿಜವಾದ ದಾರಿ. ಇದೇ ಪ್ರೋಟಾನ್ ಆಧಾರದ ಮೇಲೆ 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಂತ್ರ ಮಾತ್ರ ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕಿಲ್ಲ. ಬೆಂಗಳೂರಿನಲ್ಲಿ ಬೇಕೆಂದವರು ಹೊರಗಿನಿಂದ ತರಿಸಿದ್ದನ್ನು ಹೆಚ್ಚಿನ ಬೆಲೆಗೆ, ವಾರಂಟಿಯ ಭರವಸೆಯಿಲ್ಲದೆ ಕೊಳ್ಳಬೇಕು.

ಬೆಲೆಯ ವಿಷಯಕ್ಕೆ ಬರೋಣ. 2015ರ ನವೆಂಬರಿನಿಂದ ಭಾರತದ ಗ್ರಾಹಕರಿಗೆ ರೂಪಾಯಿಯಲ್ಲೇ ಬೆಲೆ ಕಾಣುತ್ತದೆ, ಈಗ ಯುಪಿಐ ಮೂಲಕವೂ ಪಾವತಿ ಮಾಡಬಹುದು. ಡಾಲರಿನ ಬೆಲೆಯನ್ನು ವಿನಿಮಯ ದರದಿಂದ ಗುಣಿಸದೆ, ಆಯಾ ದೇಶದವರ ಕೊಳ್ಳುವ ಶಕ್ತಿಯನ್ನು ನೋಡಿ ಕಡಿಮೆ ಬೆಲೆಯನ್ನು ವಾಲ್ವ್ ಸೂಚಿಸುತ್ತದೆ. ಆದರೆ ಅದು ಸೂಚನೆ ಮಾತ್ರ; ಅಂತಿಮ ಬೆಲೆ ಪ್ರಕಾಶಕರದ್ದು. ಸಣ್ಣ ಸ್ಟುಡಿಯೊಗಳು ಸಾಮಾನ್ಯವಾಗಿ ಸೂಚನೆಯನ್ನು ಪಾಲಿಸುವುದರಿಂದ ಅವರ ಆಟಗಳು ನಮಗೆ ಅಮೆರಿಕದವರಿಗಿಂತ ಅಗ್ಗವಾಗಿ ಸಿಗುತ್ತವೆ, ಆದರೆ ದೊಡ್ಡ ಪ್ರಕಾಶಕರ 70 ಡಾಲರಿನ ಆಟಗಳು ಇಲ್ಲಿಯೂ 4,000ದಿಂದ 5,000 ರೂಪಾಯಿಯ ಆಸುಪಾಸಿನಲ್ಲಿರುತ್ತವೆ. ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಮೊದಲ ಕೆಲಸಕ್ಕೆ ಸೇರಿದ ಯುವಕನ ತಿಂಗಳ ಸಂಬಳದಲ್ಲಿ ಅದು ಎಷ್ಟು ಪಾಲು ಎಂದು ಯೋಚಿಸಿದರೆ ಆ ಬೆಲೆ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಇಟ್ಟದ್ದಲ್ಲ ಎಂಬುದು ತಿಳಿಯುತ್ತದೆ. ರೂಪಾಯಿ ಬೆಲೆ ಶಾಶ್ವತವೆಂದೂ ಭಾವಿಸಬೇಕಾಗಿಲ್ಲ. 2023ರ ನವೆಂಬರಿನಲ್ಲಿ ಅರ್ಜೆಂಟೀನಾ ಮತ್ತು ಟರ್ಕಿಯ ಗ್ರಾಹಕರಿಗೆ ಪೆಸೊ, ಲಿರಾಗಳಲ್ಲಿ ಕಾಣುತ್ತಿದ್ದ ಬೆಲೆಗಳು ಡಾಲರಿಗೆ ಬದಲಾದವು. ಆ ನಾಣ್ಯಗಳ ಏರಿಳಿತವೂ ಹೊರದೇಶದವರು ಅಲ್ಲಿನವರೆಂದು ನಟಿಸಿ ಅಗ್ಗವಾಗಿ ಕೊಳ್ಳುತ್ತಿದ್ದುದೂ ಇದಕ್ಕೆ ಹಿನ್ನೆಲೆಯಾಗಿತ್ತು. ಪೆಟ್ಟು ಬಿದ್ದದ್ದು ಮಾತ್ರ ಪ್ರಾಮಾಣಿಕವಾಗಿ ಅಲ್ಲಿಯೇ ಬದುಕುತ್ತಿದ್ದವರಿಗೆ. ಅಮೆರಿಕದಲ್ಲೋ ಜರ್ಮನಿಯಲ್ಲೋ ನೆಲೆಸಿದ ಕನ್ನಡಿಗರು ಊರಿಗೆ ಬಂದಾಗ ಖಾತೆಯ ದೇಶವನ್ನು ಬದಲಿಸಲು ಸ್ಥಳೀಯ ಪಾವತಿ ವಿಧಾನ ಬೇಕೇಬೇಕು ಎಂಬ ನಿಯಮ ಬಿಗಿಯಾಗಿರುವುದೂ ಇಂಥ ನಟನೆಯನ್ನು ತಡೆಯಲಿಕ್ಕೇ.

ನಾವು ಕೊಡುವ ಹಣದಲ್ಲಿ ತೆರಿಗೆ ಕಳೆದು ಉಳಿದದ್ದರಲ್ಲಿ ಶೇ 30 ವಾಲ್ವ್‌ಗೆ ಹೋಗುತ್ತದೆ. ಒಂದು ಆಟದ ವಹಿವಾಟು 1 ಕೋಟಿ ಡಾಲರ್ ದಾಟಿದರೆ ಆ ಮೇಲಿನ ಭಾಗಕ್ಕೆ ಶೇ 25, 5 ಕೋಟಿ ದಾಟಿದರೆ ಶೇ 20. ಅಂದರೆ ಹೆಚ್ಚು ಗಳಿಸುವವರಿಗೆ ಕಡಿಮೆ ದರ, ಬಡವರಿಗೆ ಪೂರ್ತಿ ದರ. ಎಪಿಕ್ ತೆಗೆದುಕೊಳ್ಳುವುದು ಹೆಚ್ಚೆಂದರೆ ಶೇ 12. ನ್ಯಾಯಾಲಯದ ದಾಖಲೆಗಳಿಂದ ಹೊರಬಂದ ಪ್ರಕಾರ 2021ರಲ್ಲಿ ವಾಲ್ವ್‌ನ ನೌಕರರ ಸಂಖ್ಯೆ 350ನ್ನೂ ಮುಟ್ಟಿರಲಿಲ್ಲ. ಇಷ್ಟು ಕಡಿಮೆ ಜನ ಇಷ್ಟು ದೊಡ್ಡ ಸಂತೆಯನ್ನು ನಡೆಸುವುದು ಆಶ್ಚರ್ಯವೂ ಹೌದು, ಅನೇಕ ಸಮಸ್ಯೆಗಳ ಮೂಲವೂ ಹೌದು. 100 ಡಾಲರ್ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಆಟ ಮಾರಬಹುದಾದ್ದರಿಂದ 2024ರಲ್ಲಿ 18 ಸಾವಿರಕ್ಕೂ ಹೆಚ್ಚು ಹೊಸ ಆಟಗಳು ಇಲ್ಲಿ ಬಂದಿವೆ, ಅವುಗಳಲ್ಲಿ ಬಹುಪಾಲನ್ನು ಕಣ್ಣೆತ್ತಿ ನೋಡಿದವರೇ ಇಲ್ಲ.

ಇನ್ನು ಮುಖ್ಯ ಪ್ರಶ್ನೆ: ಇಷ್ಟೆಲ್ಲ ಹಣ ಕೊಟ್ಟು ನಾವು ಪಡೆಯುವುದೇನು? ಕ್ಯಾಲಿಫೋರ್ನಿಯಾ ರಾಜ್ಯ 2024ರ ಸೆಪ್ಟೆಂಬರಿನಲ್ಲಿ ಒಂದು ಕಾನೂನು ಮಾಡಿ, ಹಿಂಪಡೆಯಬಹುದಾದ ಪರವಾನಗಿಯನ್ನು ಮಾರುವವರು ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಹೇಳಿತು. ಅದು ಜಾರಿಗೆ ಬರುವುದಕ್ಕೂ ಮೊದಲೇ, ಅಕ್ಟೋಬರಿನಲ್ಲಿ, ಸ್ಟೀಮಿನ ಪಾವತಿ ಪುಟದಲ್ಲಿ ಸಣ್ಣದೊಂದು ಸಾಲು ಕಾಣಿಸಿಕೊಂಡಿತು: ಈ ಖರೀದಿಯಿಂದ ದೊರೆಯುವುದು ಉತ್ಪನ್ನವನ್ನು ಬಳಸುವ ಪರವಾನಗಿ. ನಮ್ಮ ನಗರಗಳ ಭೋಗ್ಯದ ಮನೆಯಂತೆಯೇ ಇದು: ಒಟ್ಟು ಮೊತ್ತವನ್ನು ಮುಂಗಡವಾಗಿ ಕೊಟ್ಟು ಸ್ವಂತ ಮನೆಯೆಂಬಂತೆ ವಾಸಿಸುತ್ತೇವೆ, ಆದರೆ ಪತ್ರ ಬೇರೆಯವರ ಹೆಸರಿನಲ್ಲಿರುತ್ತದೆ. ಭೋಗ್ಯದಲ್ಲಿ ಮನೆ ಬಿಡುವಾಗ ಹಣ ವಾಪಸ್ ಬರುತ್ತದೆ ಎಂಬುದಷ್ಟೇ ವ್ಯತ್ಯಾಸ.

ಇದು ಬರಿಯ ಕಾನೂನಿನ ಸೂಕ್ಷ್ಮವಲ್ಲ ಎಂಬುದಕ್ಕೆ ಯೂಬಿಸಾಫ್ಟ್ ಕಂಪನಿಯ ದ ಕ್ರೂ ಎಂಬ ಕಾರು ಓಟದ ಆಟವೇ ಸಾಕ್ಷಿ. 2014ರ ಡಿಸೆಂಬರಿನಲ್ಲಿ ಬಂದ ಈ ಆಟವನ್ನು ಒಬ್ಬರೇ ಆಡಲೂ ಅಂತರ್ಜಾಲ ಸಂಪರ್ಕ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರುಗಳನ್ನು ನಿಲ್ಲಿಸಿದಾಗ ಪೂರ್ಣ ಬೆಲೆ ಕೊಟ್ಟವರ ಬಳಿ ಉಳಿದದ್ದು ತೆರೆಯದ ಕಡತಗಳು ಮಾತ್ರ. ಆ ಮೇಲೆ ಪರವಾನಗಿಗಳನ್ನೇ ಹಿಂತೆಗೆದುಕೊಳ್ಳಲಾಯಿತು. ಇದರಿಂದ ಕೆರಳಿ ಯೂಟ್ಯೂಬರ್ ರಾಸ್ ಸ್ಕಾಟ್ ಆರಂಭಿಸಿದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿಯ ಬೇಡಿಕೆ ಬಹಳ ಸಾಧಾರಣವಾದುದು: ಸರ್ವರನ್ನು ಸದಾಕಾಲ ನಡೆಸಿ ಎಂದು ಅವರು ಕೇಳುತ್ತಿಲ್ಲ, ನಿಲ್ಲಿಸುವಾಗ ಆಟವನ್ನು ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂದಷ್ಟೇ ಕೇಳುತ್ತಿದ್ದಾರೆ. ಐರೋಪ್ಯ ಒಕ್ಕೂಟದ ನಾಗರಿಕರ ಮನವಿ ವ್ಯವಸ್ಥೆಯಲ್ಲಿ ಅವರ ಮನವಿಗೆ 2025ರ ಜುಲೈ ವೇಳೆಗೆ ಬೇಕಾದ 10 ಲಕ್ಷ ಸಹಿಗಳನ್ನು ಮೀರಿ ಬೆಂಬಲ ಸಿಕ್ಕಿತು. ದ ಕ್ರೂ ವಿಷಯದಲ್ಲಿ ತಪ್ಪು ಯೂಬಿಸಾಫ್ಟಿನದೇ ಹೊರತು ಸ್ಟೀಮಿನದಲ್ಲ, ಸರಿ. ಆದರೆ ಅಂಥ ಆಟವನ್ನು ಅದೇ ಕಪಾಟಿನಲ್ಲಿ, ಅದೇ ಹಸಿರು ಗುಂಡಿಯ ಕೆಳಗೆ, ಇದು ಎಷ್ಟು ಕಾಲ ಬಾಳುತ್ತದೆ ಎಂಬ ಒಂದು ಮಾತೂ ಇಲ್ಲದೆ ಮಾರುವ ಅಂಗಡಿಗೆ ಹೊಣೆಯೇ ಇಲ್ಲವೆನ್ನಲಾಗದು.

ಸ್ಟೀಮಿನ ಸ್ವಂತ ನಿಯಮಗಳೂ ಇದೇ ದಿಕ್ಕಿನವು. ಖಾತೆಯನ್ನು ಮತ್ತೊಬ್ಬರಿಗೆ ವರ್ಗಾಯಿಸುವಂತಿಲ್ಲ, ಉಯಿಲಿನಲ್ಲಿ ಬರೆದು ಮಕ್ಕಳಿಗೆ ಬಿಡುವಂತಿಲ್ಲ. ಅಜ್ಜನ ಪುಸ್ತಕದ ಕಪಾಟು ಮೊಮ್ಮಕ್ಕಳಿಗೆ ಬರುತ್ತದೆ, ಅಪ್ಪನ ಸ್ಟೀಮ್ ಖಾತೆ ಬರುವುದಿಲ್ಲ. 2024ರ ಜನವರಿ 1ರಿಂದ ವಿಂಡೋಸ್ 7 ಮತ್ತು 8ಕ್ಕೆ ಸ್ಟೀಮ್ ಬೆಂಬಲ ನಿಲ್ಲಿಸಿದೆ. ಆ ಕಾಲದ ಯಂತ್ರದಲ್ಲಿ ಆ ಕಾಲದ ಆಟವನ್ನು ಆಡುತ್ತಿದ್ದವರು ಈಗ ತಂತ್ರಾಂಶ ತೆರೆದೀತು ಎಂಬ ನಂಬಿಕೆಯಲ್ಲಷ್ಟೇ ಬದುಕಬೇಕು. ಹಾಗೆಂದು ಒಳ್ಳೆಯದನ್ನು ಮುಚ್ಚಿಡಬಾರದು: 2024ರ ಸೆಪ್ಟೆಂಬರಿನಲ್ಲಿ ಬಂದ ಸ್ಟೀಮ್ ಫ್ಯಾಮಿಲೀಸ್ ವ್ಯವಸ್ಥೆಯಲ್ಲಿ ಒಂದೇ ಮನೆಯ 6 ಜನ ಪರಸ್ಪರರ ಆಟಗಳನ್ನು ಬಳಸಬಹುದು, ಅಣ್ಣ ಒಂದು ಆಟ ಆಡುತ್ತಿರುವಾಗ ತಂಗಿ ಅವನ ಇನ್ನೊಂದು ಆಟ ಆಡಬಹುದು. ಬೇರೆ ಅಂಗಡಿಗಳು ಇಷ್ಟನ್ನು ಕೊಡುವುದಿಲ್ಲ. ಆದರೆ ಕೊಟ್ಟದ್ದನ್ನು ನಾಳೆ ಹಿಂತೆಗೆದುಕೊಂಡರೆ ಕೇಳುವ ಅಧಿಕಾರ ನಮಗಿಲ್ಲ. ವಾಲ್ವ್ ಷೇರುಪೇಟೆಗೆ ಹೋಗದ ಖಾಸಗಿ ಕಂಪನಿ. ಅದರ ಸಹಸಂಸ್ಥಾಪಕ ಗೇಬ್ ನ್ಯೂಯೆಲ್ ಹುಟ್ಟಿದ್ದು 1962ರಲ್ಲಿ. ಅವರ ನಂತರ ಬರುವ ಮಾಲೀಕರ ಮನಸ್ಸು ಹೇಗಿರುತ್ತದೋ ಅದರ ಮೇಲೆ ಕೋಟ್ಯಂತರ ಜನರ ಆಟಗಳ ಭವಿಷ್ಯ ನಿಂತಿದೆ.

ನಮ್ಮ ದೇಶದ ಕಾನೂನು ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಅಂತರ್ಜಾಲ ವ್ಯಾಪಾರದ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಎಲ್ಲವೂ ಅದರಲ್ಲಿವೆ, ಪರವಾನಗಿಯನ್ನು ಮಾರಾಟವೆಂದು ತೋರಿಸುವುದು ಮಾತ್ರ ಹೆಸರಿಸಿ ಸೇರಿಸಿದ ಪಟ್ಟಿಯಲ್ಲಿಲ್ಲ.

ಕೌಂಟರ್-ಸ್ಟ್ರೈಕ್ ಆಡುವ ಮಕ್ಕಳ ತಂದೆತಾಯಿಯರು ತಿಳಿಯಬೇಕಾದ ಇನ್ನೊಂದು ವ್ಯವಹಾರವಿದೆ. 2013ರಿಂದ ಆ ಆಟದಲ್ಲಿ ಮುಚ್ಚಿದ ಪೆಟ್ಟಿಗೆಗಳು ಬರುತ್ತವೆ. ಸುಮಾರು ಎರಡೂವರೆ ಡಾಲರ್ ಕೊಟ್ಟು ಕೀಲಿ ಕೊಂಡು ತೆರೆದರೆ ಬಂದೂಕಿಗೆ ಬಣ್ಣದ ಹೊದಿಕೆಯೋ ಚಾಕುವೋ ಸಿಗುತ್ತದೆ. ಚಾಕುವಿನಂಥ ಅತಿ ಅಪರೂಪದ ವಸ್ತು ಸಿಗುವ ಸಂಭವ, ಚೀನಾದಲ್ಲಿ ಕಾನೂನಿನಂತೆ ಪ್ರಕಟಿಸಿದ ಅಂಕಿಯ ಪ್ರಕಾರ, ಶೇ 0.26. ಸಿಕ್ಕಿದ್ದನ್ನು ಸ್ಟೀಮಿನ ಮಾರುಕಟ್ಟೆಯಲ್ಲಿ ಮಾರಿದರೆ ಬರುವ ಹಣ ಸ್ಟೀಮಿನಲ್ಲಷ್ಟೇ ಖರ್ಚು ಮಾಡಬಹುದಾದ ಸ್ಟೀಮ್ ವ್ಯಾಲೆಟ್‌ನಲ್ಲೇ ಉಳಿಯುತ್ತದೆ, ಆದ್ದರಿಂದ ಇದು ಜೂಜಲ್ಲ ಎಂಬ ವಾದವಿದೆ. ಆದರೆ ಹೊರಗಿನ ತಾಣಗಳಲ್ಲಿ ಅದನ್ನೇ ನಗದಾಗಿಸಿಕೊಳ್ಳಬಹುದು ಎಂಬುದು ಎಲ್ಲರಿಗೂ ತಿಳಿದ ಗುಟ್ಟು. 2025ರ ಅಕ್ಟೋಬರಿನಲ್ಲಿ ವಾಲ್ವ್ ಒಂದು ನಿಯಮ ಬದಲಿಸಿ ಚಾಕುಗಳನ್ನು ಬೇರೆ ವಸ್ತುಗಳ ವಿನಿಮಯದಿಂದಲೂ ಪಡೆಯಬಹುದೆಂದಾಗ ಈ ಮಾರುಕಟ್ಟೆಯ ಒಟ್ಟು ಮೌಲ್ಯ ಶತಕೋಟಿ ಡಾಲರುಗಳ ಲೆಕ್ಕದಲ್ಲಿ ಕುಸಿಯಿತು. ಬೆಲ್ಜಿಯಂ 2018ರಲ್ಲೇ ಇಂಥ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿದೆ. ಭಾರತದ ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಎರಡೇ ದಿನಗಳಲ್ಲಿ ಅಂಗೀಕರಿಸಿ, ಹಣ ಕಟ್ಟಿ ಆಡುವ ಆಟ ಒದಗಿಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ ಎಂದು ಹೇಳಿತು. ರಮ್ಮಿ, ಫ್ಯಾಂಟಸಿ ಕ್ರಿಕೆಟ್‌ಗಳ ಬಾಗಿಲು ಮುಚ್ಚಿದವು, ಕರ್ನಾಟಕ ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸುವ ಅರ್ಜಿಯೂ ಬಂತು. ಹಣ ಕಟ್ಟಿ ಅದೃಷ್ಟಕ್ಕೆ ಕಾಯುವುದನ್ನೇ ತಡೆಯುವುದಾದರೆ ಈ ಪೆಟ್ಟಿಗೆಗಳ ಚರ್ಚೆ ನಮ್ಮಲ್ಲಿ ಇಷ್ಟು ಕಡಿಮೆಯೇಕೆ ಎಂದು ಕೇಳಲೇಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಸ್ಟೀಮ್ ಮಾಡುವ ವ್ಯಾಪಾರದಲ್ಲಿ ಸಮರ್ಥನೆಗೆ ಅತಿ ಕಡಿಮೆ ಅರ್ಹವಾದ ಭಾಗ ಇದೇ.

ಅಂಗಡಿಯಲ್ಲಿ ಏನಿರಬೇಕು ಎಂಬುದನ್ನು ತೀರ್ಮಾನಿಸುವವರು ಅಂಗಡಿಯವರೂ ಅಲ್ಲ, ಕಾನೂನೂ ಅಲ್ಲ ಎಂಬುದು 2025ರ ಜುಲೈನಲ್ಲಿ ಬಯಲಾಯಿತು. ಪಾವತಿ ಸಂಸ್ಥೆಗಳ ನಿಯಮಗಳಿಗೆ ವಿರುದ್ಧವಾದ ಆಟಗಳನ್ನು ಇಡುವಂತಿಲ್ಲವೆಂಬ ಹೊಸ ಷರತ್ತನ್ನು ಸೇರಿಸಿ ಸ್ಟೀಮ್ ಹಲವಾರು ವಯಸ್ಕರ ಆಟಗಳನ್ನು ತೆಗೆದುಹಾಕಿತು. ಇದರ ಹಿಂದೆ ಕಲೆಕ್ಟಿವ್ ಶೌಟ್ ಎಂಬ ಆಸ್ಟ್ರೇಲಿಯಾದ ಸಂಘಟನೆಯ ಅಭಿಯಾನವಿತ್ತು. ತಾನು ಯಾವ ಆಟವನ್ನೂ ನಿರ್ಬಂಧಿಸಲು ಹೇಳಿಲ್ಲವೆಂದು ಮಾಸ್ಟರ್‌ಕಾರ್ಡ್ ಹೇಳಿತು, ಅದರದೇ ನಿಯಮವನ್ನು ಉಲ್ಲೇಖಿಸಿ ಮಧ್ಯವರ್ತಿ ಸಂಸ್ಥೆಗಳು ತಮ್ಮ ಮೇಲೆ ಒತ್ತಡ ಹೇರಿದವೆಂದು ವಾಲ್ವ್ ಹೇಳಿತು. ತೆಗೆದ ಆಟಗಳಲ್ಲಿ ಕೆಲವು ಹೇಸಿಗೆ ಹುಟ್ಟಿಸುವಂಥವೇ, ಅವುಗಳ ಪರ ನಾನು ವಾದಿಸಲಾರೆ. ಆದರೆ ಯುಪಿಐನಲ್ಲಿ ಹಣ ಕೊಡುವ ಮೈಸೂರಿನ ಗ್ರಾಹಕನಿಗೂ ಅಮೆರಿಕದ ಕಾರ್ಡ್ ಕಂಪನಿಯ ಅಂಜಿಕೆಯೇ ಸೆನ್ಸಾರ್ ಮಂಡಳಿಯಾಗುವುದನ್ನು ಒಪ್ಪುವುದು ಕಷ್ಟ. ಇದೇ ಸ್ಟೀಮ್ ತನ್ನ ಸಮುದಾಯ ಪುಟಗಳಲ್ಲಿ ದ್ವೇಷದ ಗುಂಪುಗಳು ನಾಜಿ ಚಿಹ್ನೆ ಹಾಕಿಕೊಂಡು ಓಡಾಡುವುದರ ಬಗ್ಗೆ ಇಷ್ಟು ಚುರುಕು ತೋರಿಸಿಲ್ಲ. 2024ರ ನವೆಂಬರಿನಲ್ಲಿ ಅಮೆರಿಕದ ಸೆನೆಟರ್ ಮಾರ್ಕ್ ವಾರ್ನರ್ ಈ ಕುರಿತು ನ್ಯೂಯೆಲ್ ಅವರಿಗೆ ಪತ್ರವನ್ನೇ ಬರೆಯಬೇಕಾಯಿತು.

ಭಾಷೆಯ ವಿಷಯ ಬೇಗ ಮುಗಿಯುತ್ತದೆ. ಸ್ಟೀಮ್ ಸುಮಾರು 30 ಭಾಷೆಗಳಲ್ಲಿ ಲಭ್ಯವಿದೆ, ಭಾರತದ ಒಂದು ಭಾಷೆಯೂ ಅವುಗಳಲ್ಲಿಲ್ಲ. ಭಾರತದ ಮೊದಲ ಗೇಮ್ ಸ್ಟುಡಿಯೊಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು, 2019ರಲ್ಲಿ ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿ ಅದನ್ನು ಕೊಂಡುಕೊಂಡಿತು. ಜಗತ್ತಿನ ಅತಿ ದೊಡ್ಡ ಆಟಗಳಲ್ಲಿ ಈ ಊರಿನವರ ಕೈಕೆಲಸವಿದೆ. ಫಿನ್ನಿಷ್, ಡ್ಯಾನಿಷ್ ಭಾಷೆಗಳಲ್ಲಿ ಅಂಗಡಿಯ ಫಲಕವಿದ್ದು, ಅವುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಜನ ಮಾತನಾಡುವ ಕನ್ನಡದಲ್ಲಿ ಇಲ್ಲದಿರುವುದಕ್ಕೆ ಕಾರಣ ತಂತ್ರಜ್ಞಾನವಲ್ಲ, ಲೆಕ್ಕಾಚಾರ.

ಇಷ್ಟಾದರೂ ನಾನು ಸ್ಟೀಮಿನಲ್ಲಿ ಕೊಳ್ಳುವುದನ್ನು ಬಿಟ್ಟಿಲ್ಲ, ಬಿಡಿ ಎಂದು ಯಾರಿಗೂ ಹೇಳುವುದಿಲ್ಲ. ಒಬ್ಬರೇ ಆಡುವ ಹಳೆಯ ಆಟವಾದರೆ ಮೊದಲು ಪೋಲೆಂಡಿನ ಗಾಗ್ ಅಂಗಡಿಯಲ್ಲಿ ಹುಡುಕುತ್ತೇನೆ. ಅಲ್ಲಿ ಸಿಗುವ ಇನ್‌ಸ್ಟಾಲರ್ ಕಡತವನ್ನು ನಮ್ಮದೇ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು, ಬೆಲೆ ಮಾತ್ರ ನಮ್ಮವರಿಗೆ ಅನೇಕ ಬಾರಿ ಹೆಚ್ಚು. ಸ್ಟೀಮಿನಲ್ಲಿ ಕೊಳ್ಳುವಾಗ ಆಟದ ಪುಟದ ಬಲಬದಿಯಲ್ಲಿರುವ ಸಣ್ಣ ಪೆಟ್ಟಿಗೆಯನ್ನು ಓದುವುದು ಅಗತ್ಯ: ಬೇರೆ ಕಂಪನಿಯ ಖಾತೆ ಬೇಕೇ, ಡೆನುವೊದಂತಹ ನಕಲು ತಡೆ ತಂತ್ರಾಂಶವಿದೆಯೇ, ಮೋಸ ತಡೆಯುವ ತಂತ್ರಾಂಶ ಕಂಪ್ಯೂಟರಿನ ಆಳಕ್ಕೆ ಇಳಿಯುತ್ತದೆಯೇ ಎಂಬುದೆಲ್ಲ ಅಲ್ಲಿರುತ್ತದೆ. ಸರ್ವರನ್ನು ಕನಿಷ್ಠ ಎಷ್ಟು ವರ್ಷ ನಡೆಸುತ್ತೇವೆ ಎಂದು ಪ್ರಕಾಶಕರು ಬರೆಯಬೇಕಾದ ಸಾಲು ಆ ಪೆಟ್ಟಿಗೆಯಲ್ಲಿ ಇನ್ನೂ ಇಲ್ಲ. ಅದು ಬರುವವರೆಗೆ, ಸದಾ ಅಂತರ್ಜಾಲ ಬೇಡುವ ಆಟಕ್ಕೆ 5,000 ರೂಪಾಯಿ ಕೊಡಲು ನಾನು ಸಿದ್ಧನಿಲ್ಲ. ಅಂಥವನ್ನು ಬೇಸಿಗೆಯ ಅಥವಾ ಚಳಿಗಾಲದ ರಿಯಾಯಿತಿ ಮಾರಾಟದಲ್ಲಿ, ಎರಡು ಸಿನಿಮಾ ಟಿಕೆಟ್ಟಿನ ಬೆಲೆಗೆ ಇಳಿದಾಗ ಮಾತ್ರ ಕೊಳ್ಳುತ್ತೇನೆ.